ಸೆಕೆಂಡ್ ವಾಯ್ಸಿನ ಎಂಟು ಹುಡುಗಿಯರು

ಆ ಕಾಲಕ್ಕೆ ಮುಂಬಯಿಯ ನಮ್ಮ ಚಾಳಿನ ಒಂದೊಂದೇ ಖೋಲಿಯ ಮನೆಗಳಿಗೆ ಇಂಗ್ಲಿಷ್ ಶಬ್ದಗಳು ಸುಮ್ಮನೆ ಬರುತ್ತಿರಲಿಲ್ಲ. ಆಸ್ಪತ್ರೆಯ ಚೀಟಿಯ ಮೇಲೋ, ಮುನಸಿಪಾಲಿಟಿಯ ನೋಟೀಸಿನಲ್ಲೋ, ಊರಿನಿಂದ ಬಂದ ತಾರಿನಲ್ಲೋ ಕೂತು ಬರುತ್ತಿದ್ದವು. ಬಂದವೆಂದರೆ ಅಂದು ಯಾರದೋ ಮನೆಯಲ್ಲಿ ಊಟ ಕೆಡುತ್ತಿತ್ತು. ಅಂಥ ಶಬ್ದವನ್ನು ಎರಡನೆಯ ಮಾಳಿಗೆಯ ಕುಲಕರ್ಣಿ ಕಾಕಾರ ಖೋಲಿಗೆ ಒಯ್ಯುವುದು ಸಯನ್ನಿನ ನಮ್ಮ ಚಾಳಿನ ಕನ್ನಡ ಮಂದಿಯ ವಾಡಿಕೆ. ಕಾಕಾ ಯಾವುದೋ ಆಫೀಸಿನಲ್ಲಿ ಟೈಪಿಸ್ಟ್ ಆಗಿದ್ದವರು. ಅವರ ಹತ್ತಿರ ಇಟ್ಟಿಗೆಯಷ್ಟು ದಪ್ಪನೆಯ ಇಂಗ್ಲಿಷ್-ಕನ್ನಡ ನಿಘಂಟು ಇತ್ತು. ಅದನ್ನು ಕೆಂಪು ಅರಿವೆಯಲ್ಲಿ ಸುತ್ತಿ ದೇವರ ಗೂಡಿನ ಪಕ್ಕದಲ್ಲೇ ಇಟ್ಟಿದ್ದರು. ಕೇಳಲು ಹೋದವರು ಕೈ ತೊಳೆದುಕೊಂಡೇ ಕೂಡಬೇಕು. ಕಾಕಾ ಒಂದೇ ಅರ್ಥ ಹೇಳಿ ಕಳಿಸುವವರಲ್ಲ. ಇದ್ದಷ್ಟೂ ಅರ್ಥಗಳನ್ನು ಓದಿ, ಬಳಕೆಯ ವಾಕ್ಯಗಳನ್ನೂ ಓದಿ, ಕೊನೆಗೆ "ಇದರಾಗ ನಿಮಗ ಯಾವುದು ಹೊಂದತದ ನೋಡ್ಕೋರಿ" ಎಂದು ಪುಸ್ತಕ ಮುಚ್ಚುತ್ತಿದ್ದರು. ಕೇಳಿದವರು ತಮಗೆ ಹೊಂದುವ ಅರ್ಥವನ್ನು ಆರಿಸಿಕೊಂಡು ಇಳಿದು ಬರುತ್ತಿದ್ದರು.

ನಾನು ಆರನೆಯ ಇಯತ್ತೆಯಲ್ಲಿದ್ದ ವರ್ಷ ಅಂಥದೊಂದು ಶಬ್ದವನ್ನು ಮನೆಗೆ ತಂದೆ. ಹಾರ್ಮನಿ. ಅದು ರೋಗದ ಹೆಸರಲ್ಲ, ಕೋರ್ಟಿನ ಶಬ್ದವೂ ಅಲ್ಲ. ರೋಗವಾಗಿದ್ದರೆ ಇಷ್ಟು ಹೊತ್ತಿಗೆ ಒಂದೋ ಗುಣವಾಗುತ್ತಿತ್ತು, ಇಲ್ಲ ನಾನೇ ಮುಗಿದಿರುತ್ತಿದ್ದೆ. ನನಗೀಗ ಐವತ್ತರ ಹತ್ತಿರ. ಘಾಟ್ಕೋಪರಿನಲ್ಲಿ ಮೆಟ್ರೋ ಹತ್ತಿದ ಮೇಲೆ ಗ್ಯಾಸ್ ಆರಿಸಿದೆನೋ ಇಲ್ಲವೋ ಎಂಬ ಕಾಳಜಿ ಹತ್ತಿ, ಮುಂದಿನ ಸ್ಟೇಶನ್ನಿಗೆ ಇಳಿದು ಮನೆಗೆ ಬಂದು ನೋಡಿದ ಹೆಂಗಸು ನಾನು. ಒಮ್ಮೆಯಲ್ಲ. ಗ್ಯಾಸ್ ಪ್ರತಿ ಸಲವೂ ಆರಿತ್ತು. ಇಂಥ ಪ್ರಾಣಿಗೆ ಚಿಕ್ಕಂದಿನಲ್ಲಿ ಒಂದು ಕೆಲಸ ಕೊಟ್ಟರು: ಪಕ್ಕದವರು ಏನೇ ಹಾಡಲಿ, ನಿನ್ನ ಸಾಲನ್ನು ನೀನು ಬಿಡಬೇಡ ಎಂದು.

ಕೊಟ್ಟವರು ನಮ್ಮ ಶಾಲೆಯ ಸಂಗೀತದ ಮಿಸ್, ಮಿಸ್ ಡಿಮೆಲ್ಲೊ. ಅಪ್ಪ ಹಟ ಹಿಡಿದು ನನ್ನನ್ನು ಇಂಗ್ಲಿಷ್ ಶಾಲೆಗೆ ಹಾಕಿದ್ದ. ದೀಪಾವಳಿಯ ರಜೆ ಮುಗಿದು ಶಾಲೆ ಶುರುವಾದ ವಾರ ಮಿಸ್ ನಮ್ಮನ್ನೆಲ್ಲ ಹಾಲಿಗೆ ಕರೆದು, ಒಬ್ಬೊಬ್ಬರನ್ನೇ ಪಿಯಾನೋದ ಹತ್ತಿರ ನಿಲ್ಲಿಸಿ ದನಿ ಕೇಳಿದರು. ಆ ಹಾಲಿಗೆ ನೆಲದ ಪಾಲಿಶು ಮತ್ತು ನುಸಿಗುಳಿಗೆ ಬೆರೆತ ಒಂದು ವಾಸನೆ ಇತ್ತು. ನನ್ನದು ಗಡಸು ದನಿ. ಕೇಳಿ ಮಿಸ್ ತಲೆಯೆತ್ತಿ ನೋಡಿದರು. ನಾನು ಬೈಸಿಕೊಳ್ಳಲು ಸಿದ್ಧಳಾದೆ. ಅವರು ನನ್ನ ಹೆಸರು ಬರೆದುಕೊಂಡು ಮುಂದೆ "ಸೆಕೆಂಡ್" ಎಂದು ಗುರುತು ಹಾಕಿದರು. ಫಸ್ಟ್ ವಾಯ್ಸಿಗೆ ಇಪ್ಪತ್ತು ಹುಡುಗಿಯರು, ಸೆಕೆಂಡ್ ವಾಯ್ಸಿಗೆ ಎಂಟು. ಜನವರಿಯಲ್ಲಿ ಎಲ್ಲ ಶಾಲೆಗಳ ನಡುವೆ ಸಮೂಹಗಾನದ ಸ್ಪರ್ಧೆ, ಅದಕ್ಕೆ ತಯಾರಿ.

ಅಲ್ಲಿಯವರೆಗೆ ಶಾಲೆಯಲ್ಲಿ ನನ್ನನ್ನು ಯಾರೂ ಯಾತಕ್ಕೂ ಆರಿಸಿರಲಿಲ್ಲ. ಓಟಕ್ಕೆ ನಿಂತರೆ ಬೀಳುತ್ತಿದ್ದೆ, ನಾಟಕಕ್ಕೆ ಉಚ್ಚಾರ ಸಾಲದು, ಲಗೋರಿಗೆ ಕೂಡ ಕೊನೆಗೆ ಉಳಿದವಳನ್ನು ಹಂಚಿಕೊಳ್ಳುವಂತೆ ತೆಗೆದುಕೊಳ್ಳುತ್ತಿದ್ದರು. ಖುಶಿಯಿಂದ ಓಡಿ ಬಂದು ಅವ್ವನಿಗೆ ಹೇಳಿದೆ. ಅವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ಕೇಳಿದಳು:

"ಸೆಕೆಂಡ್ ಯಾಕ ಹಾಕ್ಯಾರ? ಫಸ್ಟಿನ್ಯಾಗ ಜಾಗಾ ಇರಲಿಲ್ಲೇನು?"

"ಇದು ಲೋಕಲ್ ಗಾಡಿ ಅಲ್ಲವ್ವಾ."

"ಯಾವುದಾದರ ಆಗಲಿ. ರೊಕ್ಕಾ ಅಷ್ಟ ತಗೊಂಡಾರಲ್ಲ ಫೀ ಅಂತ."

ಮೊದಲ ಎರಡು ವಾರ ಮಿಸ್ ಎರಡು ಗುಂಪಿಗೂ ಬೇರೆ ಬೇರೆ ಕಲಿಸಿದರು. ಬೆಳಗಿನ ನದಿ, ದೋಣಿ, ಕಡಲು ಎಂದೆಲ್ಲ ಇದ್ದ ಒಂದು ಇಂಗ್ಲಿಷ್ ಹಾಡು. ಸೆಕೆಂಡ್ ವಾಯ್ಸಿನ ಧಾಟಿ ಪುಸ್ತಕದಲ್ಲಿರಲಿಲ್ಲ. ಮಿಸ್ ತಾವೇ ಕೂಡಿಸಿ ಹಳೆಯ ಹಾಜರಿ ಪುಸ್ತಕದ ಹಾಳೆಯ ಬೆನ್ನಿಗೆ ಗುರುತು ಹಾಕಿಕೊಂಡಿದ್ದರು. ಅದನ್ನು ಒಂಟಿಯಾಗಿ ಹಾಡಿದರೆ ಅದರಲ್ಲಿ ಏನೂ ಇಲ್ಲ. ಒಂದೇ ಕಡೆ ನಾಲ್ಕು ಸಲ ನಿಲ್ಲುತ್ತದೆ, ಮೇಲೆ ಹೋಗುತ್ತದೆ ಎಂದುಕೊಂಡಾಗ ಕೆಳಗೆ ಇಳಿಯುತ್ತದೆ. ಯಾರೋ ಫೋನಿನಲ್ಲಿ ಮಾತಾಡುವಾಗ ಒಬ್ಬರ ಮಾತಷ್ಟೇ ಕೇಳಿದಂತೆ. ಮೂರನೆಯ ವಾರ ಎರಡೂ ಗುಂಪು ಕೂಡಿ ಹಾಡಿದೆವು. ನದಿ ಕಡಲು ಸೇರುವ ಸಾಲಿಗೆ ಫಸ್ಟ್ ವಾಯ್ಸು ಮೇಲೆ ಹೋಯಿತು, ನಾವು ಎಂಟು ಜನ ಕೆಳಗೆ ಇಳಿದೆವು. ನನ್ನ ಮೈಮೇಲೆ ಮುಳ್ಳೆದ್ದಿತು. ಹಾಲಿನ ಎದುರುಗೋಡೆ ಒಂದು ಮೊಳ ಹಿಂದೆ ಸರಿದು ನಿಂತಂತೆ ಅನಿಸಿತು. ಮಿಸ್ ಪಿಯಾನೋ ನಿಲ್ಲಿಸಿ, "ದಿಸ್, ಗರ್ಲ್ಸ್, ಈಸ್ ಹಾರ್ಮನಿ" ಎಂದರು.

ನನ್ನ ಪಕ್ಕದಲ್ಲಿ ನಿಲ್ಲುತ್ತಿದ್ದವಳು ಲವೀನಾ. ಮಂಗಳೂರಿನವಳು. ಇಡೀ ತರಗತಿಯಲ್ಲಿ ನನ್ನ ಜೊತೆ ಕನ್ನಡ ಮಾತಾಡುತ್ತಿದ್ದವಳು ಅವಳೊಬ್ಬಳೇ, ಆದರೆ ಅವಳ ಕನ್ನಡಕ್ಕೆ ನಾನು, ನನ್ನ ಕನ್ನಡಕ್ಕೆ ಅವಳು ನಗುತ್ತಿದ್ದೆವು. ಡಬ್ಬಿಯಲ್ಲಿ ಅವಳ ಅಕ್ಕಿಯ ಪುಂಡಿ, ನನ್ನ ರೊಟ್ಟಿ-ಶೇಂಗಾ ಹಿಂಡಿ ಅದಲುಬದಲಾಗುತ್ತಿದ್ದವು. ಅವಳ ದನಿ ಖರೆಯಾದ ದನಿ, ಆದರೆ ನೂಲಿನಂತೆ ತೆಳ್ಳಗೆ. ಉಳಿದ ಆರು ಜನರಂತೆ ಅವಳೂ ನನ್ನ ದನಿಗೆ ಒರಗಿಯೇ ಹಾಡುತ್ತಿದ್ದಳು.

"ನೀನು ಗಟ್ಟಿ ಉಂಟಲ್ವಾ, ಅದಕ್ಕೆ ನಮಗೆ ಧೈರ್ಯ" ಎಂದಳು ಒಂದು ದಿನ. "ನೀನು ಆಚೆ ಹೋದ್ರೆ ನಾನೊಬ್ಬಳೇ ಆಗ್ತೇನೆ ಮಾರಾಯ್ತಿ. ಬಿಟ್ಟು ಹೋಗ್ಬೇಡ, ಆಯ್ತಾ?"

"ನಾ ಎಲ್ಲಿಗೆ ಹೋಗ್ತೀನಿ?" ಎಂದು ನಾನು ಆಣೆ ಮಾಡಿದೆ. ಗಂಟಲು ಮುಟ್ಟಿಕೊಂಡು ಮಾಡಿದ ಆಣೆ.

ತಾಪತ್ರಯ ಹತ್ತಿದ್ದು ಮನೆಯಲ್ಲಿ. ಅದನ್ನು ಹೇಳಬೇಕಾದರೆ ಅಪ್ಪನ ವಿಷಯ ಹೇಳಬೇಕು. ಅಪ್ಪ ಔಷಧದ ಕಾರ್ಖಾನೆಯೊಂದರ ಪ್ಯಾಕಿಂಗ್ ಖಾತೆಯಲ್ಲಿದ್ದ. ಸಂಜೆ ಬಂದರೆ ಅವನ ಅಂಗಿಯಿಂದ ಕೆಮ್ಮಿನ ಔಷಧದ ಸಿಹಿವಾಸನೆ ಬರುತ್ತಿತ್ತು. ವಿಜಾಪುರದ ಕಡೆಯಿಂದ ಮುಂಬಯಿಗೆ ಬರುವಾಗ ಅವನು ತಂದದ್ದು ಒಂದು ಟ್ರಂಕು, ಒಂದು ಪೇಟಿ. ಹಾರ್ಮೋನಿಯಮ್ಮಿಗೆ ನಮ್ಮ ಕಡೆ ಪೇಟಿ ಎನ್ನುತ್ತಾರೆ. ಗುರುವಾರ ಸಂಜೆ ಚಾಳಿನ ಕೆಳಗಿನ ವರಾಂಡದಲ್ಲಿ ಭಜನೆ. ನಮ್ಮ ಕಡೆಯ ಗೌಂಡಿಗಳು, ಹಮಾಲರು, ಒಬ್ಬಿಬ್ಬರು ಕಾರಕೂನರು, ಎಲ್ಲ ಸೇರಿ ಹದಿನೈದು ಮಂದಿ. ಅಪ್ಪ ಅದರ ಪೇಟಿ ಮಾಸ್ತರ. ಕಾರ್ಖಾನೆಯಲ್ಲಿ ಅವನ ಹೆಸರು ಯಾರಿಗೆ ಗೊತ್ತಿತ್ತೋ ಇಲ್ಲವೋ, ಗುರುವಾರ ಅವನ ಹುಬ್ಬು ಏರಿದರೆ ಆರಡಿಯ ಹಮಾಲನೂ ದನಿ ತಗ್ಗಿಸುತ್ತಿದ್ದ.

ಭಜನೆಯಲ್ಲಿ ಅಪ್ಪನದು ಒಂದೇ ಕಾನೂನು. ಹದಿನೈದು ಬಾಯಿ ಇರಲಿ, ಹೊರಗೆ ಬರುವ ದನಿ ಒಂದೇ ಇರಬೇಕು. ಯಾರ ದನಿಯಾದರೂ ಒಂದು ಕೂದಲಿನಷ್ಟು ಆಚೀಚೆ ಸರಿದರೆ ಪೇಟಿ ನಿಲ್ಲಿಸಿ ಹೇಳುತ್ತಿದ್ದ: "ಕಸಬರಿಗ್ಯಾಗಿಂದು ಒಂದು ಕಡ್ಡಿ ಹೊರಗ ಬಂದೈತಿ. ಯಾರದದು?" ಮಂದಿ ನಗುತ್ತಿದ್ದರು, ಕಡ್ಡಿ ಒಳಗೆ ಸೇರುತ್ತಿತ್ತು. ಎಲ್ಲ ದನಿಗಳೂ ಕೂಡಿ ಯಾರದು ಯಾವುದೆಂದು ತಿಳಿಯದಂತಾದಾಗ ಅಪ್ಪ ಕಣ್ಣು ಮುಚ್ಚುತ್ತಿದ್ದ. ಅವನ ಬದುಕಿನಲ್ಲಿ ಅದಕ್ಕಿಂತ ದೊಡ್ಡ ಸುಖವನ್ನು ನಾನು ಕಂಡಿಲ್ಲ.

ಇಂಥವನ ಮನೆಯಲ್ಲಿ ಕೂತು ನಾನು ಸೆಕೆಂಡ್ ವಾಯ್ಸು ಪ್ರ್ಯಾಕ್ಟೀಸ್ ಮಾಡಿದೆ. ಒಂದು ಸಂಜೆ ಅಪ್ಪ ಚಹಾ ಕುಡಿಯುತ್ತ ಕೇಳಿಸಿಕೊಂಡ. ಬಸಿ ಕೆಳಗಿಟ್ಟ.

"ಏನವಾ ಇದು? ಸುರ ಎಲ್ಲಿಟ್ಟು ಬಂದಿ?"

"ಇದ ಸುರ ಅಪ್ಪಾ. ಇದು ಸೆಕೆಂಡ್ ವಾಯ್ಸ್."

"ಮೊನ್ನೆ ನಿನ್ನ ಶಾಲಿ ಗೆಳತಿಗೋಳು ಇಲ್ಲೆ ಚಾಳಿನ ಗ್ಯಾಲರಿಯೊಳಗ ಹಾಡ್ತಿದ್ರಲ್ಲ, ಅದು ಹಿಂಗಿರಲಿಲ್ಲ."

"ಅವರದು ಬ್ಯಾರೆ, ನಮ್ದು ಬ್ಯಾರೆ. ಒಮ್ಮೆಲೇ ಹಾಡಬೇಕು. ಅದಕ್ಕ ಹಾರ್ಮನಿ ಅಂತಾರ."

"ಒಂದ ಹಾಡು, ಇಬ್ಬರು ಎರಡು ಥರಾ, ಒಮ್ಮೆಲೇ?" ಅಪ್ಪ ಅವ್ವನ ಕಡೆ ನೋಡಿದ. "ಇದು ಹಾಡೋ, ನಳದ ಮುಂದಿನ ಜಗಳೋ?"

ನನಗೆ ವಿವರಿಸಲು ಬರಲಿಲ್ಲ. ಅದೇ ನನ್ನ ಗೋಳು. ಆ ಹಾಲಿನಲ್ಲಿ ಆದದ್ದನ್ನು ಹೇಳಲು ಮನೆಯ ಮಾತಿನಲ್ಲಿ ಶಬ್ದವಿರಲಿಲ್ಲ, ಮನೆಯಲ್ಲಿ ಆಗುತ್ತಿದ್ದುದನ್ನು ಮಿಸ್ಸಿಗೆ ಹೇಳಲು ನನ್ನ ಇಂಗ್ಲಿಷ್ ಸಾಲದು. ಎರಡು ಕಡೆಗೂ ಬಾಯಿಯಿದ್ದೂ ಮೂಕಿ. ಅಪ್ಪ ಶಬ್ದದ ಬಾಲ ಹಿಡಿದು, ನನ್ನ ಕೈ ಹಿಡಿದು, ಕುಲಕರ್ಣಿ ಕಾಕಾರ ಖೋಲಿಗೆ ಹತ್ತಿದ. ಕೈ ತೊಳೆದೆವು. ಕಾಕಾ ಕೆಂಪು ಅರಿವೆ ಬಿಚ್ಚಿದರು.

"ಹಾಂ, ಸಿಕ್ತು. ಒಂದು: ಬ್ಯಾರೆ ಬ್ಯಾರೆ ಸ್ವರಗಳ ಏಕಕಾಲದ ಮೇಳ. ಎರಡು: ಒಮ್ಮತ, ಐಕಮತ್ಯ. ಮೂರು: ಒಂದು ವಸ್ತುವಿನ ಭಾಗಗಳು ಒಂದಕ್ಕೊಂದು ಒಪ್ಪಿ ಇರೋದು. ಬಳಕೆ: ಬಣ್ಣಗಳ ಹಾರ್ಮನಿ. ಇನ್ನೊಂದು ಬಳಕೆ: ಗಂಡ ಹೆಂಡತಿ ಪೂರ್ಣ ಹಾರ್ಮನಿಯಿಂದ ಬಾಳಿದರು."

ಒಳಗಿನಿಂದ ಕಾಕಾರ ಹೆಂಡತಿಯ ದನಿ ಬಂತು: "ಅದ್ಯಾವ ಊರಾಗಂತ, ಅದನ್ನೂ ಬರದಾರೇನು ನೋಡ್ರಿ."

ಕಾಕಾ ಕೇಳಿಸದವರಂತೆ ಬೆರಳು ಮೇಲಕ್ಕೆ ಸರಿಸಿದರು. "ಇದರ ಮ್ಯಾಲೇ ಹಾರ್ಮೋನಿಯಂ ಅದ ನೋಡ್ರಿ. ಒಂದ ಮನೆತನದ ಶಬ್ದ."

ಅಪ್ಪನ ಮುಖ ಅರಳಿತು. ಅಷ್ಟೊತ್ತು ಪರದೇಶಿಯಾಗಿದ್ದ ಶಬ್ದ ಈಗ ಬೀಗರ ಕಡೆಯದಾಯಿತು. ನಾನು, "ಕಾಕಾ, ಒಂದನೇದು ಇನ್ನೊಮ್ಮೆ ಓದ್ರಿ. ಬ್ಯಾರೆ ಬ್ಯಾರೆ ಸ್ವರ ಅಂತ ಐತಿ" ಎಂದೆ. ಕಾಕಾ ಪ್ರಾಮಾಣಿಕರು, ಇನ್ನೊಮ್ಮೆ ಓದಿದರು. "ಖರೇ ಅದ. ಬ್ಯಾರೆ ಬ್ಯಾರೆ ಅಂತನ ಬರದದ."

"ಬರದದ್ದು ಖರೆ ಇರಬಹುದು ಕಾಕಾ," ಅಪ್ಪ ನಿಧಾನವಾಗಿ ಹೇಳಿದ. "ಐಕಮತ್ಯ ಅಂತನೂ ಬರದಾರಲ್ಲ. ಬ್ಯಾರೆ ಬ್ಯಾರೆ ಸ್ವರ ಐಕಮತ್ಯ ಆಗೂತನಾ ರಿಯಾಜು ಮಾಡಬೇಕು. ಅಷ್ಟ ಅಲ್ಲೇನ್ರಿ?"

"ಹಂಗೂ ಹೊಂದತದ" ಎಂದು ಕಾಕಾ ಪುಸ್ತಕ ಮುಚ್ಚಿದರು.

ಆದರೂ ಅಪ್ಪನಿಗೆ ಪೂರ್ತಿ ಸಮಾಧಾನವಿರಲಿಲ್ಲ. ಮುಂದಿನ ಶನಿವಾರ ಶಾಲೆಗೆ ಬಂದು ಹಾಲಿನ ಹೊರಗೆ ನಿಂತು ಕೇಳಿದ. ಕಿಟಕಿಯಲ್ಲಿ ಅವನ ಕರಿ ಟೊಪ್ಪಿಗೆ ಕಂಡಿತು. ಅವನು ಕೇಳಿದ್ದೇನೆಂದು ಈಗ ನನಗೆ ತಿಳಿಯುತ್ತದೆ. ಇಪ್ಪತ್ತು ಹುಡುಗಿಯರು ಒಂದು ಧಾಟಿಯಲ್ಲಿ ಹಾಡುತ್ತಿದ್ದಾರೆ, ಮೂಲೆಯಲ್ಲಿ ನಿಂತ ಎಂಟು ಹುಡುಗಿಯರು ದಾರಿ ತಪ್ಪಿದ್ದಾರೆ, ತಪ್ಪಿದವರಲ್ಲಿ ಎಲ್ಲರಿಗಿಂತ ಜೋರಾದ ದನಿ ತನ್ನ ಮಗಳದು. ಹಾಡು ಮುಗಿದ ಮೇಲೆ ಅಪ್ಪ ಟೊಪ್ಪಿಗೆ ಕೈಯಲ್ಲಿ ಹಿಡಿದು ಮಿಸ್ ಎದುರಿಗೆ ಹೋದ. ತನ್ನ ಹಿಂದಿಯಲ್ಲಿ, ಮಗಳು ಸರಿಯಾಗಿ ಹಾಡುತ್ತಾಳೆಯೇ ಎಂದು ಕೇಳಿದ. ಮಿಸ್ ತಮ್ಮ ಹಿಂದಿಯಲ್ಲಿ ಉತ್ತರ ಕೊಟ್ಟರು:

"ಆಪ್ ಕಾ ಬೇಟಿ ಬಹುತ್ ಅಚ್ಛಾ. ಅಲಗ್ ಗಾತಾ ಹೈ. ಅಲಗ್ ಹೀ ಅಚ್ಛಾ ಹೈ."

ಬೇರೆಯಾಗಿ ಹಾಡುತ್ತಾಳೆ, ಬೇರೆಯಾಗಿರುವುದೇ ಚೆನ್ನ. ಅದಕ್ಕಿಂತ ಸ್ಪಷ್ಟವಾಗಿ ಯಾರು ಹೇಳಬೇಕು? ಗೆದ್ದೆ ಎಂದುಕೊಂಡೆ. ಅಪ್ಪ ಮಿಸ್ಸಿಗೆ ಕೈಮುಗಿದು ಹೊರಗೆ ಬಂದ. ರಸ್ತೆಯಲ್ಲಿ ಎಳ್ಳಿನ ಚಿಕ್ಕಿ ಕೊಡಿಸಿದ. ಆಮೇಲೆ ನಡೆಯುತ್ತಲೇ ಹೇಳಿದ:

"ದೊಡ್ಡ ಮನಸಿನ ಅಕ್ಕೋರು ಅದಾರ. ತಪ್ಪು ಅಂತ ಬಾಯಿಬಿಟ್ಟು ಅನ್ನಲಿಲ್ಲ. ನಮ್ಮಂಥವರ ಮಕ್ಕಳಿಗೆ ಅವರು ಹಂಗ ಅನ್ನೂದಿಲ್ಲವಾ. ಒಂದು ಮೂಲ್ಯಾಗ ನಿಂದರಿಸಿ, ನಿಂದೂ ಒಂದು ದನಿ, ಬ್ಯಾರೆ ಐತಿ, ಚಲೋ ಐತಿ ಅಂತಾರ."

"ಇಲ್ಲಪ್ಪಾ, ಖರೇನ ಹಂಗ ಇರತೈತಿ."

"ನೀ ಸಣ್ಣಾಕಿ. ನಿನಗ ತಿಳಿಯೂದಿಲ್ಲ. ಪೇಟಿ ಮಾಸ್ತರನ ಮಗಳನ್ನ ಮೂಲ್ಯಾಗ ನಿಂದರಿಸೂದಂದ್ರ ಏನು? ನಾ ತಿದ್ದತೀನಿ ನಿನ್ನ."

ಅಪ್ಪನ ಮೇಲೆ ಸಿಟ್ಟು ಬರಬೇಕಿತ್ತು. ಆದರೆ ಚಿಕ್ಕಿ ಬಾಯಲ್ಲಿತ್ತು, ಅವನ ಕಣ್ಣಂಚು ಕೆಂಪಾಗಿತ್ತು. ಸಿಟ್ಟು ಹೊಟ್ಟೆಗೇ ಹೋಯಿತು. ಅಲ್ಲಿ ಈಗಲೂ ಅಸಿಡಿಟಿಯ ಹೆಸರಿನಲ್ಲಿ ಇದೆ.

ಅಂದಿನಿಂದ ದಿನವೂ ಸಂಜೆ ಅಪ್ಪ ಕಾರ್ಖಾನೆಯಿಂದ ಬಂದವನು ಮುಖ ತೊಳೆದು ಪೇಟಿ ಹಿಡಿದು ಕೂಡುತ್ತಿದ್ದ. ಫಸ್ಟ್ ವಾಯ್ಸಿನ ಧಾಟಿಯನ್ನು ಒಂದೆರಡು ಸಲವಷ್ಟೇ ಕೇಳಿದ್ದವನು, ಒಂದು ಸ್ವರ ತಪ್ಪದೆ ಬೆರಳಲ್ಲಿ ಹಿಡಿದಿದ್ದ. ಶಬ್ದಗಳ ಅರ್ಥ ಗೊತ್ತಿಲ್ಲದಿದ್ದರೂ ಉಸಿರು ಎಲ್ಲಿ ತೆಗೆಯಬೇಕು, ಎಲ್ಲಿ ಒತ್ತಬೇಕು ಎಂದು ನನಗೆ ಮಿಸ್ಸಿಗಿಂತ ಚೆನ್ನಾಗಿ ಕಲಿಸಿದ. ಹೊರಗೆ ಸಂಕ್ರಾಂತಿಯ ಗಾಳಿ. ಚಾಳಿನ ಮಾಳಿಗೆಯ ಮೇಲೆ ಹುಡುಗರು ಗಾಳಿಪಟ ಕಡಿದು ಕೂಗುತ್ತಿದ್ದರು, ಅವ್ವ ಸಜ್ಜಿರೊಟ್ಟಿಗೆ ಎಳ್ಳು ಹಚ್ಚುತ್ತಿದ್ದಳು, ಆ ಹುರಿದ ಎಳ್ಳಿನ ವಾಸನೆಯ ನಡುವೆ ನಾನು ನದಿ ಕಡಲು ಸೇರುವ ಸಾಲನ್ನು ಮೇಲಕ್ಕೆ ಒಯ್ಯುತ್ತಿದ್ದೆ. ಅಪ್ಪ ಕೈಯೆತ್ತಿ ತೋರಿಸುತ್ತಿದ್ದ, ಇನ್ನೂ ಮೇಲೆ, ಹಾಂ, ಅಲ್ಲಿ ನಿಲ್ಲು. ಅಲ್ಲಿ ನಿಂತಾಗ ಅವನು ಕಣ್ಣು ಮುಚ್ಚುತ್ತಿದ್ದ.

ಬೆಳಿಗ್ಗೆ ಶಾಲೆಯಲ್ಲಿ ಅದೇ ಸಾಲನ್ನು ಕೆಳಕ್ಕೆ ಒಯ್ಯುತ್ತಿದ್ದೆ. ಮನೆಯಲ್ಲಿ ಒಂದು ಮಾತು, ಬೀದಿಯಲ್ಲಿ ಒಂದು, ಶಾಲೆಯಲ್ಲಿ ಒಂದು ಮಾತಾಡಿ ಬೆಳೆದ ಮುಂಬಯಿಯ ಹುಡುಗಿ ನಾನು. ಎರಡು ಧಾಟಿಯನ್ನೂ ಹಾಗೆಯೇ ಸಂಭಾಳಿಸುತ್ತೇನೆ ಎಂದುಕೊಂಡಿದ್ದೆ. ಮಲಗುವಾಗ ಮಾತ್ರ ಲೆಕ್ಕ ಹಾಕುತ್ತಿದ್ದೆ. ಸ್ಪರ್ಧೆಗೆ ಅಪ್ಪ ಬರದಿದ್ದರೆ? ಅಂದು ಓವರ್‌ಟೈಮ್ ಬಂದರೆ? ಲೋಕಲ್ ನಿಂತರೆ? ಇಂಥ ಪ್ರಾರ್ಥನೆಗಳನ್ನು ಕೇಳುವ ದೇವರು ಯಾರೆಂದು ಗೊತ್ತಿಲ್ಲದೆ ಎಲ್ಲರಿಗೂ ಕೈಮುಗಿದೆ.

ಸ್ಪರ್ಧೆಗೆ ಎರಡು ದಿನವಿದ್ದಾಗ ಪ್ರ್ಯಾಕ್ಟೀಸಿನಲ್ಲಿ ನನ್ನ ದನಿ ಒಮ್ಮೆ ಮೇಲಕ್ಕೆ ಜಾರಿತು. ಒಂದೇ ಕ್ಷಣ. ಲವೀನಾ ಮೊಣಕೈಯಿಂದ ತಿವಿದಳು.

"ಎಂತ ಮಾಡ್ತೀ? ಎಲ್ಲಿಗೆ ಹೋಗ್ತಿದ್ದಿ?"

"ಏನಿಲ್ಲ. ಮರತೆ."

"ಮರೀಬೇಡ ಮಾರಾಯ್ತಿ. ಈ ಸಲ ಒಳ್ಳೆದಾದ್ರೆ ಬರುವ ವರ್ಷ ನನಗೆ ಸೋಲೋ ಕೊಡ್ತೇನೆ ಅಂತ ಮಿಸ್ ಹೇಳಿದ್ದಾರೆ."

ಸ್ಪರ್ಧೆ ದಾದರಿನ ಒಂದು ಹಾಲಿನಲ್ಲಿ. ಬಿಳಿ ಫ್ರಾಕು, ನೀಲಿ ರಿಬ್ಬನ್ನು. ಪರದೆ ಸರಿದಾಗ ಮೊದಲು ಕಂಡದ್ದೇ ಕರಿ ಟೊಪ್ಪಿಗೆ. ಅಪ್ಪ ಅರ್ಧ ದಿನದ ರಜೆ ಹಾಕಿ ಬಂದು ಎರಡನೆಯ ಸಾಲಿನಲ್ಲಿ ಕೂತಿದ್ದ. ಪಕ್ಕದಲ್ಲಿ ಕುಲಕರ್ಣಿ ಕಾಕಾ, ಅರ್ಥ ಹೇಳಲು.

ಹಾಡು ಶುರುವಾಯಿತು. ಮೊದಲ ಎರಡು ಚರಣಗಳಲ್ಲಿ ಎರಡೂ ದನಿಗಳಿಗೆ ದೊಡ್ಡ ಅಂತರವಿಲ್ಲ. ನಾನು ಮಿಸ್ಸಿನ ಕೈ ಬಿಟ್ಟು ಬೇರೇನನ್ನೂ ನೋಡಬಾರದು ಎಂದು ನಿಶ್ಚಯಿಸಿದ್ದೆ. ನೋಡಿದೆ. ಅಪ್ಪ ತೊಡೆಯ ಮೇಲೆ ತಾಳ ಹಾಕುತ್ತಿದ್ದ. ನದಿ ಕಡಲು ಸೇರುವ ಸಾಲು ಹತ್ತಿರ ಬಂದಂತೆ ಕುರ್ಚಿಯ ತುದಿಗೆ ಸರಿದ. ನಂತರ, ಅಷ್ಟು ಜನರ ನಡುವೆ, ಮನೆಯಲ್ಲಿ ಎತ್ತುವ ಹಾಗೆಯೇ ಕೈ ಎತ್ತಿದ.

ನನ್ನ ದನಿ ಆ ಕೈಯ ಹಿಂದೆ ಹೋಯಿತು.

ಒಂದು ಗಳಿಗೆ ನಾನೊಬ್ಬಳೇ ಮೇಲಿದ್ದೆ. ಆಮೇಲೆ, ನನಗೆ ಒರಗಿಕೊಂಡೇ ಕಲಿತಿದ್ದ ಆ ಆರು ಹುಡುಗಿಯರು, ನಾನು ಹೋದ ಕಡೆಯೇ ದಾರಿ ಎಂದುಕೊಂಡು ಒಬ್ಬೊಬ್ಬರಾಗಿ ಬಂದು ಸೇರಿದರು. ಕೆಳಗೆ ಲವೀನಾ ಒಬ್ಬಳೇ ಉಳಿದಳು. ಅವಳು ಬಿಡಲಿಲ್ಲ. ಮಿಸ್ ಕಲಿಸಿದಂತೆ ಒಂದೊಂದೇ ಮೆಟ್ಟಿಲು ಇಳಿದಳು, ಆ ನೂಲಿನಂಥ ದನಿಯಲ್ಲಿ. ಇಪ್ಪತ್ತೇಳು ದನಿಗಳ ಎದುರಿಗೆ ಆ ಒಂದು ದನಿ ಎಷ್ಟು ತಪ್ಪಾಗಿ ಕೇಳಿಸಿತೆಂದರೆ, ಮುಂದಿನ ಸಾಲಿನಲ್ಲಿ ಯಾರೋ ನಕ್ಕರು. ಸರಿ ಹಾಡಿದವಳು ಅವಳೊಬ್ಬಳೇ ಎಂದು ಆ ಹಾಲಿನಲ್ಲಿ ಅವಳನ್ನು ಬಿಟ್ಟರೆ ಗೊತ್ತಿದ್ದವರು ಇಬ್ಬರೇ: ಮಿಸ್ ಮತ್ತು ನಾನು. ಮಿಸ್ಸಿನ ಕೈ ಗಾಳಿಯಲ್ಲಿ ಒಮ್ಮೆ ನಿಂತು ಮತ್ತೆ ನಡೆಯಿತು. ಅಪ್ಪ ಕಣ್ಣು ಮುಚ್ಚಿದ್ದ.

ನಮಗೆ ಯಾವ ನಂಬರೂ ಬರಲಿಲ್ಲ. ಪರದೆಯ ಹಿಂದೆ ಮಿಸ್ ನನ್ನ ಎದುರಿಗೆ ನಿಂತು, "ವಾಟ್ ಹ್ಯಾಪನ್ಡ್, ಸುನಂದಾ?" ಎಂದರು. ಬೈಯಲಿಲ್ಲ. ಖರೇ ಕೇಳಿದರು. ಪೇಟಿ, ಭಜನೆ, ಕಾಕಾರ ನಿಘಂಟು, ಚಿಕ್ಕಿ, ಎಲ್ಲ ಬಾಯಿಯ ತನಕ ಬಂದವು. "ಐ ಫರ್ಗಾಟ್, ಮಿಸ್" ಎಂದೆ. ಫಸ್ಟ್ ವಾಯ್ಸಿನ ಹುಡುಗಿಯರು ಆಗಲೇ ಲವೀನಾಳನ್ನು ಸುತ್ತುಗಟ್ಟಿದ್ದರು. "ತೇರೀ ವಜಹ್ ಸೇ ಹಾರೇ" ನಿನ್ನಿಂದಲೇ ಸೋತೆವು ಎಂದು ಒಬ್ಬಳು ಅವಳ ಮುಖಕ್ಕೆ ಅಂದಳು. ಲವೀನಾ ನನ್ನ ಕಡೆ ನೋಡಿದಳು. ನಾನು ಬೂಟಿನ ಲೇಸು ಕಟ್ಟಿಕೊಳ್ಳಲು ಬಗ್ಗಿದೆ. ಲೇಸು ಬಿಚ್ಚಿರಲಿಲ್ಲ.

ಅಷ್ಟಕ್ಕೇ ಮುಗಿದಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲವೇನೋ. ಹೊರಗೆ ಮೆಟ್ಟಿಲ ಹತ್ತಿರ ಅಪ್ಪ ನಿಂತಿದ್ದ. ಮುಖದಲ್ಲಿ ಗುರುವಾರದ ಕಳೆ.

"ನಂಬರ್ ಬರಲಿ, ಬಿಡಲಿ. ಚಲೋ ಕೂಡಿತ್ತು. ಎಲ್ಲಾ ಹುಡುಗ್ಯಾರು ನಿನ್ನ ದನಿಗೆ ಬಂದು ಸೇರಿದ್ರು, ಕೇಳಿದಿಲ್ಲೋ? ಅದಕ್ಕ ಅಂತಾರ ಐಕಮತ್ಯ."

ಲವೀನಾ ಅಮ್ಮನಿಗಾಗಿ ಕಾಯುತ್ತ ಅಲ್ಲೇ ಇದ್ದಳು. ಆ ಬೇರೆ ದನಿ ಇವಳದೇ ಎಂದು ಅಪ್ಪನಿಗೆ ಗುರುತು ಹತ್ತಿತು. ಅವಳ ತಲೆಯ ಮೇಲೆ ಕೈಯಿಟ್ಟು, ಎಷ್ಟು ಮೆಲ್ಲಗೆ ಹೇಳಲು ಸಾಧ್ಯವೋ ಅಷ್ಟು ಮೆಲ್ಲಗೆ ಹೇಳಿದ:

"ಕಾಳಜಿ ಮಾಡಬ್ಯಾಡ ತಂಗಿ. ದನಿ ಬ್ಯಾರೆ ಆಗೂದು ಎಲ್ಲಾರಿಗೂ ಆಗತೈತಿ. ಗುರುವಾರ ಸುನಂದವ್ವನ ಕೂಡ ನಮ್ಮ ಮನಿಗಿ ಬಾ. ನಾ ತಿದ್ದತೀನಿ."

ಅವಳಿಗೆ ಕನ್ನಡ ಬರುತ್ತಿತ್ತು. ಅಕ್ಷರ ಅಕ್ಷರ ತಿಳಿಯಿತು. "ಆಯ್ತು ಅಂಕಲ್" ಎಂದಳು. ನನ್ನ ಕಡೆ ನೋಡಲಿಲ್ಲ.

ಅವಳು ಯಾವ ಗುರುವಾರವೂ ಬರಲಿಲ್ಲ. ಸೋಮವಾರದಿಂದ ಡಬ್ಬಿ ಅದಲುಬದಲು ನಿಂತಿತು. ಬೆಂಚು ಬದಲಿಸಿದಳು. ಸೋಲೋ ಯಾರಿಗೂ ಸಿಗಲಿಲ್ಲ, ಯಾಕೆಂದರೆ ಮಿಸ್ ಮರುವರ್ಷ ಎರಡು ದನಿಯ ಹಾಡನ್ನೇ ಎತ್ತಿಕೊಳ್ಳಲಿಲ್ಲ. ಎಲ್ಲರಿಗೂ ಒಂದೇ ಧಾಟಿ. ಏಳನೆಯ ಇಯತ್ತೆಯ ಕೊನೆಗೆ ಲವೀನಾಳ ಮನೆಯವರು ವಸಯಿಗೆ ಹೋದರು. "ನನ್ನ ತಪ್ಪು" ಎಂಬ ಎರಡು ಶಬ್ದಗಳನ್ನು ಹೇಳಲು ನನಗೆ ಒಂದು ವರ್ಷಕ್ಕಿಂತ ಹೆಚ್ಚು ಸಮಯವಿತ್ತು. ನಾನು ಆ ಸಮಯವನ್ನೆಲ್ಲ ಹೇಗೆ ಹೇಳಲಿ ಎಂಬ ಕಾಳಜಿಯಲ್ಲಿ ಕಳೆದೆ.

ಹಾರ್ಮನಿ ಎಂಬ ಶಬ್ದ ಮಾತ್ರ ಬೆನ್ನು ಬಿಡಲಿಲ್ಲ. ಈಗ ಅದರ ಅರ್ಥ ಕೇಳಲು ಯಾರೂ ಕೈ ತೊಳೆಯಬೇಕಿಲ್ಲ. ನಮ್ಮ ಹಿಂದಿನ ರಸ್ತೆಯ ಹೊಸ ಟವರಿನ ಹೆಸರು ಅದೇ. ಪೇಂಟಿನ ಡಬ್ಬಿಯ ಮೇಲೆ ಅದೇ. ಮಗಳ ಆಫೀಸಿನಲ್ಲಿ ಟೀಮ್ ಹಾರ್ಮನಿ ಎಂದು ಒಂದು ದಿನದ ತರಬೇತಿ ಕೊಡುತ್ತಾರಂತೆ. ಅದಾದ ಮೇಲೆ ಬಾಸಿಗೆ ಎದುರಾಡಬಾರದು. ನಮ್ಮ ಸೊಸೈಟಿಯ ವಾಟ್ಸಾಪ್ ಗ್ರೂಪಿನಲ್ಲಿ ಯಾರಾದರೂ ನೀರಿನ ಟ್ಯಾಂಕಿನ ಬಗ್ಗೆ ಒಂದು ಪ್ರಶ್ನೆ ಕೇಳಿದರೆ ಸೆಕ್ರೆಟರಿ ಸಾಹೇಬರು ಬರೆಯುತ್ತಾರೆ, ಹಾರ್ಮನಿಯ ದೃಷ್ಟಿಯಿಂದ ಸದಸ್ಯರು ಈ ವಿಷಯವನ್ನು ಇಲ್ಲಿಗೆ ಬಿಡಬೇಕು. ಕೂಡಲೇ ಹೆಬ್ಬೆರಳುಗಳ ಮಳೆ. ಅದರಲ್ಲಿ ಒಂದು ಹೆಬ್ಬೆರಳು ನನ್ನದು. ಟ್ಯಾಂಕಿನ ಪ್ರಶ್ನೆ ನನಗೂ ಇತ್ತು. ನಲವತ್ತು ವರ್ಷದಿಂದ ನಾನು ಹೆಬ್ಬೆರಳೆತ್ತುತ್ತಲೇ ಇದ್ದೇನೆ, ಯಾರ ಕೈ ಮೇಲೆ ಹೋಗುತ್ತದೆಂದು ನೋಡಿಕೊಂಡು.

ಅಪ್ಪ ಕೊನೆಯ ವರ್ಷಗಳಲ್ಲಿ ಘಾಟ್ಕೋಪರಿನ ನಮ್ಮ ಮನೆಯಲ್ಲಿದ್ದ. ಭಜನೆಯ ಮಂದಿ ಕಲ್ಯಾಣ, ಡೊಂಬಿವಲಿ ಎಂದು ಚದುರಿ ಹೋಗಿದ್ದರು. ಒಂದು ಮಧ್ಯಾಹ್ನ ಮೊಬೈಲಿನಲ್ಲಿ ಎಲ್ಲಿಯದೋ ಮಕ್ಕಳ ಸಮೂಹಗಾನ ಸಿಕ್ಕಿತು, ಸ್ಪಷ್ಟವಾಗಿ ಎರಡು ದನಿ. ಇಯರ್‌ಫೋನು ಅಪ್ಪನ ಕಿವಿಗೆ ಹಾಕಿದೆ. ಪೂರ್ತಿ ಕೇಳಿದ. ಇನ್ನೊಮ್ಮೆ ಹಚ್ಚು ಎಂದ. ಎಂಬತ್ತು ದಾಟಿದ್ದರೂ ಕಿವಿ ಅದೇ ಕಿವಿ.

"ಎರಡು ಧಾಟಿ ಅದಾವು," ಎಂದ. "ಒಂದು ಮ್ಯಾಲೆ, ಒಂದು ಕೆಳಗ. ಕೆಳಗಿಂದು ಇರದಿದ್ರ ಮ್ಯಾಲಿಂದು ಬಡವ ಆಗತೈತಿ. ಭಾಳ ಚಲೋ ಕಟ್ಯಾರ."

"ಅಪ್ಪಾ, ಶಾಲ್ಯಾಗ ನಾ ಹಾಡತಿದ್ದುದು ಆ ಕೆಳಗಿಂದು."

ಅಪ್ಪ ಇಯರ್‌ಫೋನು ತೆಗೆದು ಅಂಗೈಯಲ್ಲಿ ಇಟ್ಟುಕೊಂಡ.

"ಹಂಗಾರ ಆ ಹುಡುಗಿ?"

"ಆಕಿ ಸರಿ ಹಾಡಿದ್ಳು."

"ನಾ ಆಕಿಗೆ ತಿದ್ದತೀನಿ ಅಂದಿದ್ದೆ."

"ಹೂಂ."

"ನೀ ಆಗ ಯಾಕ ಹೇಳಲಿಲ್ಲ?"

ಹೇಳಿದ್ದೆನಲ್ಲ ಎನ್ನಬೇಕೆನಿಸಿತು. ಅಪ್ಪ ಗೋಡೆಗೆ ಒರಗಿ ನೆಟ್ಟಗೆ ಕೂತ. ಪೇಟಿಯ ಮುಂದೆ ಕೂಡುತ್ತಿದ್ದ ರೀತಿ.

"ಆ ಕೆಳಗಿನ ಧಾಟಿ ಹೆಂಗಿತ್ತು? ಒಮ್ಮೆ ಹಾಡು, ಕೇಳೂಣು."

ಹಾಡಿದೆ. ನದಿ ಬಂತು, ದೋಣಿ ಬಂತು, ಕಡಲಿನ ಸಾಲಿಗೆ ಬರುತ್ತಲೇ ದನಿ ಮೇಲಕ್ಕೆ ಹೋಯಿತು. ಅಪ್ಪ ತಲೆ ಅಲ್ಲಾಡಿಸಿದ.

"ಇದು ನಾ ಕಲಿಸಿದ್ದು. ನಿಂದು ಹಾಡವಾ."

ಮತ್ತೆ ಹಾಡಿದೆ. ಮತ್ತೆ ಮೇಲೆ. ಮೂರನೆಯ ಸಲ ಕಣ್ಣು ಮುಚ್ಚಿ, ಆ ಹಾಲಿನ ಪಾಲಿಶಿನ ವಾಸನೆಯನ್ನು ನೆನೆದು, ಒಂದೊಂದೇ ಸ್ವರ ತಡವುತ್ತ ಹಾಡಿದೆ. ಅಪ್ಪ ಕಿವಿ ನನ್ನ ಕಡೆ ಮಾಡಿ ಕಾಯುತ್ತಿದ್ದ. ಆ ಸಾಲು ನನ್ನಲ್ಲಿ ಇರಲಿಲ್ಲ.

ಅಪ್ಪ ಹೋಗಿ ಎರಡು ವರ್ಷವಾಯಿತು. ಮಿಸ್ ಎಲ್ಲಿದ್ದಾರೋ, ಇದ್ದಾರೋ ಇಲ್ಲವೋ. ಅವರ ಹಾಜರಿ ಪುಸ್ತಕದ ಹಾಳೆಯನ್ನು ಯಾವ ರದ್ದಿಯವನು ಒಯ್ದನೋ. ಆ ಹಾಡನ್ನು ಅಂತರ್ಜಾಲದಲ್ಲಿ ಹುಡುಕಿದೆ, ಸಿಗುತ್ತದೆ, ಮೇಲಿನ ಧಾಟಿ ಮಾತ್ರ. ಕೆಳಗಿನದನ್ನು ಬಲ್ಲವರು ಎಂಟು ಜನ ಇದ್ದೆವು. ಅದರಲ್ಲಿ ಏಳು ಜನ ಒಂದೇ ನಿಮಿಷದಲ್ಲಿ ಅದನ್ನು ಬಿಟ್ಟುಕೊಟ್ಟೆವು, ಅದರಲ್ಲೂ ಆರು ಜನ ನನ್ನ ಹಿಂದೆ ಬಂದು. ಈಗ ಅದು ಎಲ್ಲಾದರೂ ಇದ್ದರೆ ಲವೀನಾಳ ಹತ್ತಿರ ಇರಬೇಕು, ಅವಳನ್ನು ಕೇಳಲು ನನಗೆ ಮುಖವಿಲ್ಲ. ಅಪ್ಪ ಕಲಿಸಿದ ಸಾಲು ಒಂದು ಸ್ವರವೂ ಅಲುಗದೆ ಉಳಿದಿದೆ. ಮಗಳು ಆಫೀಸಿಗೆ ಹೋದ ಮೇಲೆ ಅಡಿಗೆಮನೆಯಲ್ಲಿ ಕೆಲವೊಮ್ಮೆ ಹಾಡಿಕೊಳ್ಳುತ್ತೇನೆ. ಮೇಲೆ ಹೋಗಿ ನಿಲ್ಲುತ್ತೇನೆ. ಕೆಳಗೆ ಯಾರೂ ಇಲ್ಲ.